ಬೋರ್ಡಿನಲ್ಲಿ ಹಿಡಿಸದ್ದು

ಅಕ್ಷರಕ್ಕೆ ನಾಲ್ಕು ರೂಪಾಯಿ, ಒತ್ತಿಗೆ ಬೇರೆ,
ಎಂದು ಮೊದಲೇ ಹೇಳಿಬಿಟ್ಟ ಪೇಂಟರ್ ಮೌನಾಚಾರಿ.
"ಚುಟುಕಾಗಿರಲಿ ಮೇಷ್ಟ್ರೇ" ಎಂದರು ಪಂಚಾಯ್ತಿ ಸೆಕ್ರೆಟರಿ,
"ಯಾವಾಗ ಶುರು, ಯಾವಾಗ ಬಂದ್. ಹತ್ತು ಸಾಲು ಸಾಕು.
ನಡೆಯೋರು ನಿಂತು ಓದಬೇಕಲ್ಲ."

ಶುರುವಾದದ್ದು ಸುಲಭ, ಕಲ್ಲಲ್ಲೇ ಇದೆ:
ಮೋರಿಯ ಕಮಾನಿನ ಮೇಲೆ ಇಸವಿ, ಪಾಚಿ ಕೆರೆದರೆ ಕಾಣುತ್ತದೆ.
ಅರಸೀಕೆರೆಯಿಂದ ಕರಿಗುಡ್ಡದ ಗಣಿಗೆ ಹತ್ತೊಂಬತ್ತು ಮೈಲಿ,
ಒಂಟಿ ಲೈನು, ಮೀಟರ್ ಗೇಜು.
ಹೋಗುವಾಗ ಖಾಲಿ, ಬರುವಾಗ ಕಪ್ಪು ಅದಿರು,
ಬಾಲಕ್ಕೊಂದು ಡಬ್ಬಿ ಜನಕ್ಕೆ. ಸಂತೆಯ ದಿನ
ಕೊಬ್ಬರಿ ಮೂಟೆಯ ಮೇಲೆ ಕೂತವರ
ಕಾಲು ಹೊರಗೆ, ಹರಟೆ ಒಳಗೆ.

ಬಂದ್ ಆದದ್ದು ಯಾವಾಗ? ಕೇಳುತ್ತ ಹೋದೆ.
ಗೇಟಿನ ಮನೆಯ ಜವರಮ್ಮ:
"ನಮ್ಮ ನಡುಗಲವಳಿಗೆ ಅಮ್ಮ ಎದ್ದಿತ್ತಲ್ಲ, ಆ ವರ್ಷ."
ಪಾಯಿಂಟ್ಸ್‌ಮನ್ ಬುಡೇನ್ ಸಾಬರು "ಶುಕ್ರವಾರ" ಎಂದರು;
ಯಾವ ಶುಕ್ರವಾರ ಎಂದರೆ ಗಡ್ಡ ಸವರಿಕೊಂಡರು.

ಕಡೇ ರೈಲನ್ನು ಯಾರೂ ನೋಡಿಲ್ಲ.
ಅಥವಾ ಎಲ್ಲರೂ ನೋಡಿದ್ದಾರೆ, ಅದೇ ಕಡೆಯದೆಂದು ತಿಳಿಯದೆ.
ಹಾರ ಹಾಕಲಿಲ್ಲ, ಕಾಯಿ ಒಡೆಯಲಿಲ್ಲ.
ಮಂಗಳವಾರ ಬರಬೇಕಾದ್ದು ಬರಲಿಲ್ಲ, ಅಷ್ಟೆ.
ಮೊಸರು ಹೊತ್ತು ನಿಂತವರು ಬಿಸಿಲೇರಿದ ಮೇಲೆ
ಹುಳಿ ಮೊಸರು ಹೊತ್ತು ಹಿಂದಿರುಗಿದರು.

ಗಣಿ ಮುಗಿದಿತ್ತು. ರೈಲು ನಿಲ್ಲಿಸಲು ಆರ್ಡರು ಬಂತು.
ಕೀಮನ್ ದ್ಯಾವೀರಯ್ಯನನ್ನು ನಿಲ್ಲಿಸಲು ಬರಲಿಲ್ಲ.

ದಿನಕ್ಕೆ ನಾಲ್ಕು ಮೈಲಿ ಅವನ ಪಾಲು,
ನಸುಕಿಗೆ ಹೋಗುವುದು, ಉಂಡು ವಾಪಸು.
ಹೆಗಲಲ್ಲಿ ಸುತ್ತಿಗೆ, ಕಂಕುಳಲ್ಲಿ ಸುರುಳಿ ಬಾವುಟ ಎರಡು,
ಡಬ್ಬಿಯಲ್ಲಿ ಹಳಿಗೆ ಕಟ್ಟುವ ಪಟಾಕಿ,
ಮುದ್ದೆ ಬೇರೆ ಡಬ್ಬಿಯಲ್ಲಿ.
ಸಡಿಲಾದ ಕೀಲಿಗೊಂದು ಏಟು, ಬಿಗಿಯಿದ್ದದ್ದಕ್ಕೂ ಒಂದು:
"ಬೇಜಾರಾಗಬಾರದು ಅದಕ್ಕೆ."
ಹೀಗೆ ಏಳು ತಿಂಗಳು
ಬಾರದ ರೈಲಿಗೆ ಹಳಿ ಬಿಗಿದ.
ಯಾವುದೋ ಲೆಡ್ಜರಿನಲ್ಲಿ ಅವನ ಹೆಸರಿಗೆ
ಗೀಟೆಳೆಯಲು ಮರೆತಿದ್ದರು, ಸಂಬಳ ಬರುತ್ತಿತ್ತು.
ಹೊಳೆಯುತ್ತಿದ್ದ ಹಳಿಯ ನೆತ್ತಿಗೆ ತುಕ್ಕು ಹತ್ತಿದ ದಿನ ಮಾತ್ರ
ಅದರ ಮೇಲೆ ಕೂತನಂತೆ,
ಸರ್ವೀಸಿನಲ್ಲೇ ಮೊದಲ ಸಲ.

ಆಮೇಲೆ ಲಾರಿ, ಗ್ಯಾಸ್ ಕಟರು. ಹಳಿ ತೂಕಕ್ಕೆ ಹೋಯಿತು.
ಮೊಳದುದ್ದದ ಒಂದು ತುಂಡು
ನಮ್ಮ ಶಾಲೆಯ ಜಗುಲಿಯಲ್ಲಿ ಈಗಲೂ ಗಂಟೆ.
ದಿಮ್ಮಿಗಳು ಊರೂರು ಸೇರಿದವು: ಕೊಟ್ಟಿಗೆಯ ತೊಲೆ,
ಸೇದುವ ಬಾವಿಯ ಅಡ್ಡ, ಜವರಮ್ಮನ ಬಚ್ಚಲಿಗೆ ಮೆಟ್ಟಿಲು,
ಮೊಳೆ ಕಿತ್ತ ತೂತಿನಲ್ಲಿ ಇರುವೆ ಸಂಸಾರ.

ದ್ಯಾವೀರಯ್ಯ ಲೆಕ್ಕ ಒಪ್ಪಿಸಿದ: ಸುತ್ತಿಗೆ ಒಂದು,
ಬಾವುಟ ಎರಡು, ಪಟಾಕಿ ಹತ್ತು, ಸುಟ್ಟದ್ದು ಇಲ್ಲ.
ಹೆಜ್ಜೆಯನ್ನು ಯಾರೂ ವಾಪಸು ಕೇಳಲಿಲ್ಲ,
ದಿಮ್ಮಿಯಿಂದ ದಿಮ್ಮಿಗೆ ಅಳೆದ ಹೆಜ್ಜೆ,
ಒಂದು ದಾಟಿದರೆ ಗಿಡ್ಡ, ಎರಡು ದಾಟಿದರೆ ಉದ್ದ.
ಸಂತೆಯಲ್ಲೂ ಹಾಗೇ ನಡೆದ, ಮಗಳ ಧಾರೆಯ ಮಂಟಪಕ್ಕೂ.
ಹುಡುಗರು ಹಿಂದಿನಿಂದ ಅಣಕಿಸುತ್ತ ನಡೆದರು.
ನಾನೂ.

ಕೊನೆಗೆ ಬರೆದೆ: ಈ ದಾರಿಯ ಉದ್ಘಾಟನೆ,
ರೈಲು ಬಾರದ ಆ ಮಂಗಳವಾರ.
ಉದ್ಘಾಟಕರು: ದ್ಯಾವೀರಯ್ಯ, ಕೀಮನ್.
ಸೆಕ್ರೆಟರಿ ಪೆನ್ನಿನ ಕ್ಯಾಪು ಕಚ್ಚಿ ಓದಿದರು.
"ಅಲ್ಲಿ ಎಂಎಲ್‌ಎ ಹೆಸರು ಬರಬೇಕಲ್ಲ ಮೇಷ್ಟ್ರೇ."
ಮೌನಾಚಾರಿ ಬೆರಳು ಮಡಿಸಿ ಒತ್ತಕ್ಷರ ಎಣಿಸಿದ.

ಈಗ ಬೋರ್ಡಿನಲ್ಲಿರುವುದು:
ಕಾಲುದಾರಿ. ೧೯ ಮೈಲಿ. ಕಸ ಎಸೆಯಬೇಡಿ.
ಮಿಕ್ಕ ತಗಡಿನಲ್ಲಿ ಪುಕ್ಕಟೆಯಾಗಿ ಒಂದು ರೈಲು ಬರೆದಿದ್ದಾನೆ,
ಓಡುತ್ತಿದೆ, ಹೊಗೆ ಮಾತ್ರ ಮುಂದಕ್ಕೆ ಹೋಗುತ್ತಿದೆ.

ಬೆಳಿಗ್ಗೆ ನಡೆಯುತ್ತಾರೆ: ಶುಗರಿನವರು, ಮೊಣಕಾಲಿನವರು,
ಪೊಲೀಸ್ ಸೆಲೆಕ್ಷನ್ನಿಗೆ ಓಡುವ ಹುಡುಗಿಯರು.
ಮೊನ್ನೆ ರಾತ್ರಿ ಹದವಾದ ಮಳೆ. ಜಲ್ಲಿ ಹೋದ ಕಡೆ
ದಿಮ್ಮಿ ಕೂತಿದ್ದ ಜಾಗ ಇನ್ನೂ ತಗ್ಗು.
ಅಡ್ಡಡ್ಡ ನೀರು ನಿಂತಿತ್ತು, ಗೆರೆ ಪುಸ್ತಕದ ಹಾಗೆ.
ಶೂ ನೆನೆಯದಿರಲೆಂದು ಎಲ್ಲರೂ
ಎರಡು ಗೆರೆಯ ನಡುವೆ ಕಾಲಿಡುತ್ತಿದ್ದರು,
ಗಿಡ್ಡ ಗಿಡ್ಡ ಹೆಜ್ಜೆ.

ಹಿಂದೆ ಹಿಂದೆಯೇ ಬಂದೆ. ನಗು ಬಂತು.
ಅಷ್ಟರಲ್ಲಿ ದೂರದಲ್ಲಿ ಹಳಿಯ ತುಂಡು ಬಡಿದರು.
ನನಗೆ ತಡವಾಗಿತ್ತು.